ಅಲಾಯಿ ಕುಣಿಯ ಅಳತೆ

ಆದೋನಿಯಿಂದ ಹೊಳಗುಂದದ ಕಡೆಗೆ ಹೋಗುವಾಗ ಸಿಗುವ ಕರಿಗುಂದದ ಎರೆಮಣ್ಣು ಎಂಥದ್ದೆಂದರೆ, ಮಳೆಗಾಲದಲ್ಲಿ ಅದರೊಳಗೆ ಕಾಲಿಟ್ಟ ಎಮ್ಮೆಯನ್ನು ಬೇಸಿಗೆಯಲ್ಲಿ ಕೊಂಬು ಹಿಡಿದು ಕೀಳಬೇಕು. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದಾಗ ಬಿರುಕಿನೊಳಗೆ ಬಿದ್ದ ಚಪ್ಪಲಿ ಬಳ್ಳಾರಿಯಲ್ಲಿ ಸಿಗುತ್ತದೆ. ಈ ಮಣ್ಣಿಗೆ ಗುದ್ದಲಿ ಹಾಕಿ ಗೆದ್ದವಳು ಒಬ್ಬಳೇ. ಉರುಕುಂದಮ್ಮ. ಎತ್ತರ ನಾಲ್ಕೂವರೆ ಅಡಿ. ವಯಸ್ಸು ಐವತ್ತೆರಡು. ಮಾದಿಗರ ಕೇರಿ. ಅಂಗೈ ಎರಡೂ ಹಳೆಯ ಟೈರು. ಆ ಅಂಗೈಯಲ್ಲಿ ಕೆಂಡ ಇಟ್ಟುಕೊಂಡು ಗಂಡ ಬಜಾರಪ್ಪನ ಬೀಡಿ ಹಚ್ಚಿಕೊಡುತ್ತಿದ್ದಳು. ಬಜಾರಪ್ಪನ ತುಟಿ ಸುಟ್ಟಿತೇ ಹೊರತು ಅಂಗೈಗೆ ಏನೂ ಆಗಲಿಲ್ಲ.

ಮೊಹರಮ್ಮಿನಲ್ಲಿ ಪೀರು ಇಡುವ ಪೀರಲ ಸಾವಡಿಯ ಮುಂದೆ ಬೆಂಕಿ ಹಾಕಲು ಒಂದು ಕುಣಿ ಬೇಕು. ಅದೇ ಅಲಾಯಿ ಕುಣಿ. ಅದನ್ನು ಅಗೆಯುವುದು ಉರುಕುಂದಮ್ಮನ ಮನೆತನದ ಬಿಟ್ಟಿ ಕೆಲಸ. ಹನ್ನೆರಡನೇ ವಯಸ್ಸಿಗೆ ಅಪ್ಪನ ಗುದ್ದಲಿ ಕೈಗೆ ಬಂತು. ನಲವತ್ತು ವರ್ಷ. ನಲವತ್ತು ಕುಣಿ. ಕುಣಿಗೆ ಅಳತೆಗೋಲು ಇರಲಿಲ್ಲ. ಅಗೆಯುವವರ ಎದೆಮಟ್ಟವೇ ಅಳತೆ. ಅವಳು ಹುಡುಗಿಯಾಗಿದ್ದಾಗ ಕುಣಿಯೂ ಚಿಕ್ಕದಿತ್ತು. ಅವಳು ಬೆಳೆದಂತೆ ಬೆಳೆಯಿತು. ಅವಳು ನಿಂತಾಗ ಅದೂ ನಿಂತಿತು.

ಅಗೆದಾದ ಮೇಲೆ ದೂರ ಸರಿಯಬೇಕು. ಅದೂ ಪದ್ಧತಿಯೇ.

ಪೀರು ಎಂದರೆ ಬಿದಿರು ಗಳದ ತುದಿಗೆ ಐದು ಬೆರಳಿನ ಬೆಳ್ಳಿ ಅಂಗೈ. ಸಾವಡಿ ನೋಡಿಕೊಳ್ಳುವ ಮುಜಾವರ ಮಸ್ತಾನ್‌ಸಾಬ ಪ್ರಾರ್ಥನೆಯ ಓದಿಕೆ ಮಾಡುತ್ತಿದ್ದ. ಹತ್ತಿ ವ್ಯಾಪಾರಿ ಚಂದ್ರಣ್ಣ ಹೊರುತ್ತಿದ್ದ. ಅವನ ಅಪ್ಪನೂ ಹೊತ್ತವನೇ. ಎದೆಯ ಮೇಲೆ ಲಿಂಗ, ಹೆಗಲ ಮೇಲೆ ಪೀರು. ಯಾರಿಗೂ ತೊಂದರೆ ಇರಲಿಲ್ಲ. ಲಿಂಗಕ್ಕೂ ಇರಲಿಲ್ಲ, ಪೀರಿಗೂ ಇರಲಿಲ್ಲ. ಹರಕೆ ಹೊತ್ತವರು ಪೀರಿನ ಗಳಕ್ಕೆ ಬಣ್ಣದ ಬಟ್ಟೆ ಕಟ್ಟುತ್ತಿದ್ದರು. ಅದಕ್ಕೆ ದಟ್ಟಿ ಎನ್ನುತ್ತಾರೆ. ಊರಿನವರ ದಟ್ಟಿ ಪೀರಿಗೆ. ಕೇರಿಯವರ ದಟ್ಟಿ ಸಾವಡಿಯ ಪಕ್ಕದ ಜಾಲಿ ಮರಕ್ಕೆ.

ಮೂರು ಬಸಿರು ಇಳಿದ ಮೇಲೆ ಉರುಕುಂದಮ್ಮನಿಗೆ ಭವಾನಿ ಹುಟ್ಟಿದಳು. ಆ ವರ್ಷ ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಹಸಿರು ದಟ್ಟಿ ಹಿಡಿದು, ನೇರ ಪೀರಿನ ಮುಂದೆ ಹೋಗಿ ನಿಂತಳು. ಚಂದ್ರಣ್ಣ ಪೀರನ್ನು ಎತ್ತಿಕೊಂಡು ಮೂರು ಹೆಜ್ಜೆ ಹಿಂದಕ್ಕೆ ಸರಿದ.

“ಜಾಲಿಗೆ ಕಟ್ಟವ್ವಾ. ಜಾಲಿಗೂ ಶಕ್ತಿ ಐತಿ. ದೇವರಿಗೆ ಅಲ್ಲಿಂದಾನೂ ಕೇಳಸ್ತೈತಿ.”

ಇಡೀ ಊರು ನಕ್ಕಿತು. ಉರುಕುಂದಮ್ಮ ಹೋಗಿ ಜಾಲಿಗೆ ಕಟ್ಟಿದಳು. ಮುಳ್ಳು ಉಗುರಿನೊಳಗೆ ಹೋಯಿತು. ಮರುವರ್ಷ ಮತ್ತೆ ಪೀರಿನ ಮುಂದೆ ನಿಂತಳು. ಮತ್ತೆ ಮೂರು ಹೆಜ್ಜೆ. ಮತ್ತೆ ಅದೇ ಮಾತು. ಹೀಗೆ ಇಪ್ಪತ್ತೆರಡು ವರ್ಷ. ಭವಾನಿ ಬೆಳೆದು ಡಿಗ್ರಿ ಮುಗಿಸಿದಳು. ಚಂದ್ರಣ್ಣನ ಮಾತು ಮಾತ್ರ ಒಂದಕ್ಷರ ಬೆಳೆಯಲಿಲ್ಲ.

ಆಮೇಲೆ ಕರಿಗುಂದಕ್ಕೆ ಶುದ್ಧವಾಗುವ ಕಾಲ ಬಂತು.

ಮೊದಲು ಶುದ್ಧನಾದವನು ಮಸ್ತಾನ್‌ಸಾಬನ ಮಗ ದಸ್ತಗೀರಿ. ಆದೋನಿಗೆ ಹೋಗಿ ಧರ್ಮ ಕಲಿಸುವ ಜಮಾತಿನಲ್ಲಿ ನಲವತ್ತು ದಿನ ಇದ್ದು ಬಂದ. ಒಳ್ಳೆಯ ಹುಡುಗ. ಬೀಡಿ ಬಿಟ್ಟ, ಸುಳ್ಳು ಬಿಟ್ಟ, ಪೀರನ್ನೂ ಬಿಟ್ಟ. ಇದು ನಮ್ಮ ದೀನಿನಲ್ಲಿ, ನಮ್ಮ ಧರ್ಮದಲ್ಲಿ ಇಲ್ಲ ಎಂದು ಅಪ್ಪನಿಗೂ ಬಿಡಿಸಿದ. ಎರಡನೆಯದಾಗಿ ಚಂದ್ರಣ್ಣ. ಊರಲ್ಲಿ ಹೊಸದಾಗಿ ಹುಟ್ಟಿದ ಧರ್ಮ ಕಮಿಟಿಗೆ ಅವನೇ ಅಧ್ಯಕ್ಷ, ಅವನ ತಮ್ಮನ ಮಗ ತಿಪ್ಪೇಶ ಕಾರ್ಯದರ್ಶಿ. ಪೀರು ನಮ್ಮ ದೇವರಲ್ಲ, ಸಾವಡಿಯ ಅಂಗಳಕ್ಕೆ ಕಾಲಿಟ್ಟವನು ನಮ್ಮವನಲ್ಲ ಎಂದು ಬೋರ್ಡು ಬರೆಸಿ, ಕೆಳಗೆ ಸಹಿ ಹಾಕಿ, ಅಂಗಳದ ಅಂಚಿನಲ್ಲಿ ನೆಟ್ಟರು. ಮೂರನೆಯದು ಕೇರಿಯ ತಗಡಿನ ಚರ್ಚು. ಅದರ ಪಾಸ್ಟರು ತಿರುಮಲೇಶ್. ದೇವರು ಬದಲಾದರೂ ಹೆಸರು ಬದಲಾಗಲಿಲ್ಲ, ಯಾಕೆಂದರೆ ಜಾತಿ ಸರ್ಟಿಫಿಕೇಟಿನ ಮೇಲೆ ಅದೇ ಹೆಸರಿತ್ತು. ಯೇಸುವಿನ ಹೆಸರಲ್ಲಿ ಅರ್ಜಿ ಹಾಕಿದರೆ ಆಫೀಸಿನವರು ಮಾದಿಗನಲ್ಲ ಎನ್ನುತ್ತಾರೆ. ಊರಿನ ಬಾವಿಯ ಹತ್ತಿರ ಹೋದರೆ ಮಾದಿಗನೇ ಎನ್ನುತ್ತಾರೆ. ಪಾಸ್ಟರು ಕಣ್ಣು ಮುಚ್ಚಿ ಹೇಳಿದ, ಬೆಳ್ಳಿಯ ಕೈ ವಿಗ್ರಹ, ಅದರ ಹತ್ತಿರ ಹೋಗಬೇಡಿ ಎಂದು.

ಮೂರು ಮೈಕು ಒಂದೇ ಸಂಜೆ ಕೂಗಿದವು. ಆಕಾಶದಲ್ಲಿ ಹೊರಟಿದ್ದ ಕೊಕ್ಕರೆಗಳು ದಾರಿ ತಪ್ಪಿ ಮಂತ್ರಾಲಯದ ಕಡೆಗೆ ಹೋದವು. ಸಾವಿರ ವರ್ಷದಲ್ಲಿ ಮೂರು ಧರ್ಮ ಸೇರಿ ಒಂದೇ ಮಾತು ಹೇಳಿದ್ದು ಕರಿಗುಂದದಲ್ಲೇ ಮೊದಲು. ಪೀರನ್ನು ಬಿಡಿ!

ಮೊಹರಮ್ಮಿನ ಚಂದ್ರ ಕಾಣುವ ಹಿಂದಿನ ದಿನ ಮಸ್ತಾನ್‌ಸಾಬ ಕೇರಿಗೆ ಬಂದ. ಕೈಯಲ್ಲಿ ಸಾವಡಿಯ ಬೀಗದ ಕೈ.

“ಅಮ್ಮಾ, ಮೈ ಕ್ಯಾ ಕರೂಂ? ನಾ ಏನ ಮಾಡ್ಲಿ? ಮಗ ಬ್ಯಾಡ ಅಂತಾನ. ಅವನ ಮಾತು ಸುಳ್ಳಲ್ಲ. ಆದ್ರ ಎಪ್ಪತ್ತು ವರ್ಷ ಪೀರಿನ ಧೂಳು ವರಸೀನಿ. ಕೀಲಿ ಬಾವಿಗೆ ಹಾಕಾಕ ಕೈ ಬರವಲ್ದು.”

“ನನಗ್ಯಾಕ ಕೊಡ್ತೀಯೋ ಮಾವ? ನಾ ಅಂಗಳದ ಮಣ್ಣಿನಾಕಿ. ಹೊಸ್ತಿಲ ದಾಟಿದಾಕಿ ಅಲ್ಲ.”

“ಎಲ್ಲಾರೂ ಬಿಟ್ಟಾರ. ನೀ ಒಬ್ಬಾಕಿ ಬಿಟ್ಟಿಲ್ಲ.”

“ನಾ ಹಿಡದಿದ್ರಲ್ಲಾ ಬಿಡಾಕ!” ಎಂದಳು ಉರುಕುಂದಮ್ಮ.

ಮುದುಕ ತಲೆ ತಗ್ಗಿಸಿದ. ಕೀಲಿಯನ್ನು ಅವಳ ಅಂಗೈಯಲ್ಲೇ ಇಟ್ಟ. ಮೇಲಿಂದ ಬಿಡಲಿಲ್ಲ. ಇಟ್ಟ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಆವತ್ತಿನಿಂದ ಆ ಸೆರಗಿಗೆ ಆನೆ ಕಟ್ಟಿದ ಹಾಗೆ ಆಯಿತು. ನಡೆದರೆ ಕೇರಿ ಅದುರುತ್ತಿತ್ತು.

ಕುಣಿಗೆ ಗುದ್ದಲಿ ಬೀಳುವ ಗುರುವಾರ ಬಂತು. ಕರಿಗುಂದದ ಪದ್ಧತಿಯಲ್ಲಿ ಆ ದಿನ ಹೊತ್ತು ಮುಳುಗುವುದರೊಳಗೆ ಕುಣಿ ಆಗಬೇಕು, ಪೀರು ಏಳಬೇಕು. ಕುಣಿ ಇಲ್ಲದೆ ಪೀರು ಏಳುವುದಿಲ್ಲ. ಎಲ್ಲರೂ ಪೀರನ್ನು ಬಿಟ್ಟಿದ್ದರಲ್ಲ? ಬೆಳಿಗ್ಗೆ ಆರಕ್ಕೇ ಉರುಕುಂದಮ್ಮನ ಬಾಗಿಲ ಮುಂದೆ ಒಬ್ಬರಾದ ಮೇಲೆ ಒಬ್ಬರು!

ಮೊದಲು ಪಾಸ್ಟರನ ತಾಯಿ ವೆಂಕಮ್ಮ.

“ನಾ ಬಂದಿಲ್ಲ ನೋಡು,” ಎಂದಳು.

“ಬಂದೀಯಲ್ಲ ಅತ್ತಿ.”

“ಬಂದೀನಿ. ಆದ್ರ ಬಂದಿಲ್ಲ. ಮಗಗ ಹೇಳಬ್ಯಾಡ.” ಬೈಬಲ್ಲಿನ ಚೀಲದೊಳಗಿಂದ ತೆಂಗಿನಕಾಯಿ ತೆಗೆದಳು. “ಮೊಣಕಾಲು ನೋವಿಗೆ ಹರಕಿ ಹೊತ್ತಿದ್ನಿ. ನೋವು ಹೋತು. ಯೇಸುಸ್ವಾಮಿ ತೆಗದನೋ ಪೀರು ತೆಗದನೋ ನನಗೇನು ಗೊತ್ತು? ಇಬ್ಬರಿಗೂ ಕೊಟ್ಟಬಿಡ್ತೀನಿ. ಕುಣಿ ಅಗಿ.”

ಒಳಗೆ ಚರ್ಚಿನ ಹಾಡು ಗುನುಗುತ್ತಿದ್ದ ಭವಾನಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ಒಂಬತ್ತಕ್ಕೆ ಚಂದ್ರಣ್ಣ ಬಂದ. ಆರಡಿ ಆಳು. ಹೊಟ್ಟೆ ಅವನಿಗಿಂತ ಒಂದು ಫರ್ಲಾಂಗು ಮುಂಚೆ ಬರುತ್ತಿತ್ತು. ಕೇರಿಯ ಗಡಿಗಲ್ಲಿನ ಆಚೆಯೇ ನಿಂತ. ಅಲ್ಲಿಂದಲೇ ಕೂಗಿದ.

“ಏಮ್ಮಾ ಉರುಕುಂದಮ್ಮಾ! ಟೈಮೆಷ್ಟು ಆತು? ಇನ್ನಾ ಗುದ್ದಲಿ ಬಿದ್ದಿಲ್ಲ?”

“ನೀವು ಬೋರ್ಡು ಹಾಕೀರಲ್ಲಪ್ಪಾ. ಅಂಗಳಕ್ಕ ಕಾಲಿಡಬಾರದಂತ.”

“ಅದು ನಮ್ಮೋರಿಗೆ. ನೀವ್ಯಾಕ ಓದಾಕ ಹೋದ್ರಿ?”

“ಓಹೋ! ನಾವು ನಿಮ್ಮೋರಲ್ಲ. ಜನಗಣತಿ ಬಂದಾಗ ಮನಿಗೇ ಬಂದು ‘ನೀವೂ ನಮ್ಮೋರೇ, ಹಂಗೇ ಬರಸ್ರಿ’ ಅಂದೋರು ಯಾರು?”

ಚಂದ್ರಣ್ಣ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ದನಿ ಇಳಿಸಿದ. ಅವನ ಮಗಳು ಮಹಾಲಕ್ಷ್ಮಿಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ಹೋದ ಮೊಹರಮ್ಮಿನಲ್ಲಿ ಅವನ ಹೆಂಡತಿ ಗುರುಲಿಂಗಮ್ಮ ಪೀರಿಗೆ ಹರಕೆ ಹೊತ್ತಿದ್ದಳು. ಈಗ ಕೂಸಿಗೆ ಎರಡು ತಿಂಗಳು. ಈ ಮೊಹರಮ್ಮಿನಲ್ಲಿ ಪೀರಿಗೆ ರೇಷ್ಮೆ ದಟ್ಟಿ ಕಟ್ಟದಿದ್ದರೆ ಕೂಸಿಗೆ ಏನಾಗುತ್ತದೋ ಎಂದು ಗುರುಲಿಂಗಮ್ಮ ಮೂರು ದಿನದಿಂದ ಒಲೆ ಹಚ್ಚಿಲ್ಲ.

“ನಾ ಕಮಿಟಿ ಅಧ್ಯಕ್ಷ. ನಾ ಬಂದದ್ದು ಯಾರಿಗೂ ಗೊತ್ತಾಗಬಾರದು. ನೀ ಸುಮ್ನ ಅಗದು ಹೋಗು. ಪೀರು ನಾ ಎತ್ತತೀನಿ, ದಟ್ಟಿ ಕಟ್ಟತೀನಿ, ಒಳಗ ಇಡತೀನಿ. ಹತ್ತು ನಿಮಿಷ.”

ಉರುಕುಂದಮ್ಮನ ಗುದ್ದಲಿ ಗೋಡೆಗೆ ಆತುಕೊಂಡು ನಿಂತಿತ್ತು. ಅವಳ ಕೈ ರೂಢಿಯಂತೆ ಅತ್ತ ಹೋಯಿತು. ನಲವತ್ತು ವರ್ಷ ಹೋದ ಕೈ. ಅರ್ಧ ದಾರಿಯಲ್ಲಿ ನಿಂತಿತು. ನಿಂತದ್ದು ನೋಡಿ ಅವಳಿಗೇ ಆಶ್ಚರ್ಯ.

“ಅಗಿಯಂಗಿಲ್ಲ,” ಎಂದಳು.

ಎರಡನೇ ಸಲ ಇನ್ನೂ ಚೆನ್ನಾಗಿ ಬಂತು. “ಅಗಿಯಂಗಿಲ್ಲ!”

ಆ ಮಾತು ಬೆಲ್ಲದ ಹಾಗಿತ್ತು. ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡು ರುಚಿ ನೋಡದೆ ಇದ್ದಳಲ್ಲ! ಮೂರನೇ ಸಲ ಹಾಡಿನ ಹಾಗೆ ಹೇಳಿದಳು. ಬಜಾರಪ್ಪ ಒಳಗಿಂದ ತನ್ನ ಚರ್ಮದ ಹಲಗೆ ವಾದ್ಯಕ್ಕೆ ಒಂದು ಏಟು ಹಾಕಿದ. ಕೇರಿಯ ಕೋಳಿಗಳೆಲ್ಲಾ ಮಾಳಿಗೆ ಹತ್ತಿದವು.

“ಪಿಚ್ಚಾ ನೀಕು?” ಎಂದ ಚಂದ್ರಣ್ಣ. “ಹುಚ್ಚು ಹಿಡದೈತೇನು?”

“ನಲವತ್ತು ವರ್ಸ ನಾ ಅಗದೆ, ನೀವು ಹೊತ್ರಿ. ಈ ವರ್ಸ ನೀವು ಅಗೀರಿ, ನಾ ಹೊರತೀನಿ.”

“ನೀನು? ಪೀರು? ನಿನ್ನ ಕೈಯಾಗ?”

“ಕೀಲಿ ನನ್ನ ಸೆರಗಿನಾಗ ಐತಿ.” ಕೀಲಿಯನ್ನು ಗಂಟೆಯ ಹಾಗೆ ಅಲ್ಲಾಡಿಸಿದಳು.

“ನಾಳಿಂದ ನಿಮ್ಮ ಕೇರಿಯೋರು ಒಬ್ಬರೂ ನನ್ನ ಹೊಲಕ್ಕ ಹತ್ತಿಬೀಜ ಊರಾಕ ಬರಂಗಿಲ್ಲ!”

“ಊರಾಕ ಕಮಿಟಿ ಕರಕೋರಿ. ಬೋರ್ಡು ಊರಿದಂಗ ಬೀಜ ಊರತಾರ.”

ಚಂದ್ರಣ್ಣ ಬಂದ ದಾರಿಗೆ ಸುಂಕವಿಲ್ಲವೆಂದು ಹೋದ. ಮೊದಲು ತನ್ನ ಜೀತಗಾರ ನರಸಣ್ಣನನ್ನು ಕರೆದ. ನರಸಣ್ಣನೂ ಅದೇ ಕೇರಿಯವನು. ಅವನಿಗೆ ಅದೇ ಗಳಿಗೆಯಲ್ಲಿ ಸೊಂಟ ಹಿಡಿಯಿತು. ತಿಪ್ಪೇಶನನ್ನು ಕರೆದ. “ದೊಡ್ಡಪ್ಪಾ, ಬೋರ್ಡಿನ ಕೆಳಗ ನನ್ನ ಸಹಿ ಐತಿ,” ಎಂದ ತಿಪ್ಪೇಶ. ಕೊನೆಗೆ ಗುರುಲಿಂಗಮ್ಮ ತೊಟ್ಟಿಲ ಹತ್ತಿರ ನಿಂತು ಒಂದೇ ಮಾತು ಹೇಳಿದಳು. ಆ ಮಾತು ಏನೆಂದು ಊರಿಗೆ ಗೊತ್ತಿಲ್ಲ. ಆದರೆ ಅದನ್ನು ಕೇಳಿದ ಚಂದ್ರಣ್ಣ ಮಟಮಟ ಮಧ್ಯಾಹ್ನ ಮುಖಕ್ಕೆ ಟವೆಲು ಸುತ್ತಿಕೊಂಡು, ಹೊಸ ಗುದ್ದಲಿ ಹಿಡಿದುಕೊಂಡು ಸಾವಡಿಯ ಅಂಗಳಕ್ಕೆ ಬಂದ.

ಮುಖ ಮುಚ್ಚಿದರೆ ಹೊಟ್ಟೆ ಮುಚ್ಚುತ್ತದೆಯೇ? ಇಡೀ ಊರು ಮೋಡ ನೋಡುವ ನೆಪದಲ್ಲಿ ಮಾಳಿಗೆ ಹತ್ತಿತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹಾಲಹರವಿಯಿಂದಲೂ ಜನ ಮೋಡ ನೋಡಲು ಬಂದರೆಂದು ಸುದ್ದಿ.

ಉರುಕುಂದಮ್ಮ ಸಾವಡಿಯ ಮೆಟ್ಟಿಲ ಮೇಲೆ ಕೂತಳು. ಹುಟ್ಟಿದ ಮೇಲೆ ಮೊದಲ ಸಲ. ಕಲ್ಲು ತಣ್ಣಗಿತ್ತು. ಇಷ್ಟು ತಣ್ಣಗಿನ ಕಲ್ಲನ್ನು ಇವರು ಇಷ್ಟು ವರ್ಷ ಬಚ್ಚಿಟ್ಟಿದ್ದರಲ್ಲ ಎಂದುಕೊಂಡಳು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಚಂದ್ರಣ್ಣ ಗುದ್ದಲಿ ಎತ್ತಿ ಹಾಕಿದ. ಗುದ್ದಲಿ ಎರೆಮಣ್ಣಿನಲ್ಲಿ ಸಿಕ್ಕಿಕೊಂಡಿತು. ಎಳೆದ. ಬರಲಿಲ್ಲ. ಗುದ್ದಲಿಯ ಜೊತೆ ಕುಸ್ತಿಗೆ ಬಿದ್ದ.

“ಸೊಂಟ ಬಗ್ಗಸ್ರಿ ಚಂದ್ರಣ್ಣಾರೆ. ನಿಂತು ಅಗದ್ರ ಮಣ್ಣು ಮರ್ಯಾದಿ ಕೊಡಂಗಿಲ್ಲ.”

ಬಗ್ಗಿದ. ಹತ್ತು ಏಟಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಇಪ್ಪತ್ತಕ್ಕೆ ಒಡೆಯಿತು. ಮೂವತ್ತಕ್ಕೆ ಗುದ್ದಲಿಯ ಹಿಡಿ ಕೆಂಪಗಾಯಿತು. ಬೆವರು ಹರಿದು ಅಂಗಳದಾಚೆಯ ಹುಣಸೆ ಗಿಡ ಚಿಗುರಿತು. ಬೆನ್ನು ಹಿಡಿಯಿತು. ಬಾಯಿ ಒಣಗಿತು.

“ಒಂದೀಟು ನೀರು,” ಎಂದ.

ಉರುಕುಂದಮ್ಮ ತಂಬಿಗೆ ತೆಗೆದುಕೊಂಡು ಹೋದಳು. ಚಂದ್ರಣ್ಣ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. ಅವನ ಮನೆಯ ಹಿತ್ತಲಲ್ಲಿ ಅವಳು ಇಷ್ಟು ವರ್ಷ ಒಡ್ಡಿದ್ದು ಹಾಗೆಯೇ. ಮೇಲಿಂದ ಸುರಿಯುವ ಕೈ ಅವನ ಮನೆಯದು. ಅವಳು ಒಂದು ಗಳಿಗೆ ಆ ಬೊಗಸೆಯನ್ನು ನೋಡಿದಳು. ಸುರಿಯಲಿಲ್ಲ. ತಂಬಿಗೆಯನ್ನೇ ಅವನ ಕೈಯಲ್ಲಿಟ್ಟಳು.

“ಬೊಗಸೀಲೆ ಕುಡದ್ರ ಅರ್ಧ ನೀರು ಮೊಳಕೈಗೆ ಹೊಕ್ಕಾವ. ನನಗ ಗೊತ್ತೈತಿ. ಕಚ್ಚಿ ಕುಡೀರಿ.”

ಚಂದ್ರಣ್ಣ ಕಚ್ಚಿಯೇ ಕುಡಿದ. ಮಾಳಿಗೆಯ ಮೇಲೆ ಯಾರೋ ಕೆಮ್ಮಿದರು.

“ಎಷ್ಟು ಆಳ?” ಎಂದು ಕೇಳಿದ.

“ಎದಿಮಟ್ಟ.”

“ಯಾರ ಎದಿಮಟ್ಟ?”

“ಅಗಿಯೋರ ಎದಿಮಟ್ಟ. ನಿಮ್ಮ ಅಜ್ಜನ ಕಾಲದ ಪದ್ಧತಿ. ನಾ ಮಾಡಿದ್ದಲ್ಲ.”

ಹರಕೆಯ ಕುಣಿ. ಒಂದು ಬೆರಳು ಕಡಿಮೆಯಾದರೂ ಕೂಸಿಗೆ ಕೇಡು ಎಂಬ ಭಯ. ಚಂದ್ರಣ್ಣ ಅಗೆದ. ಮೊಣಕಾಲು ಮುಳುಗಿತು. ಹೊಟ್ಟೆ ಮುಳುಗಿತು, ಅದಕ್ಕೇ ಒಂದು ತಾಸು ಹಿಡಿಯಿತು. ಮೂರೂವರೆಗೆ ಆರಡಿ ಆಳಿನ ಎದೆಮಟ್ಟ ಬಂತು. ಅಂಥ ಕುಣಿ ಕರಿಗುಂದದಲ್ಲಿ ಹಿಂದೆ ಆಗಿರಲಿಲ್ಲ. ಗೋಡೆಗಳನ್ನು ಸೂತ್ರ ಹಿಡಿದಂತೆ ನೆಟ್ಟಗೆ ಕೆತ್ತಿದ್ದ. ಸಂತೋಷದಿಂದ ಗುದ್ದಲಿಯನ್ನು ಮೇಲೆ ಎಸೆದ. ಕೈ ಊರಿ ಮೇಲೆ ಬರಲು ನೋಡಿದ.

ಅಂಚು ಕುಸಿಯಿತು. ಕಾಲು ಜಾರಿತು. ಮತ್ತೆ ನೋಡಿದ. ಮತ್ತೆ ಜಾರಿತು. ಹೊಟ್ಟೆ ಗೋಡೆಗೆ ತಾಗಿ ಅವನನ್ನೇ ಹಿಂದಕ್ಕೆ ದೂಡಿತು.

ಉರುಕುಂದಮ್ಮ ಅಗೆಯುವಾಗ ಮೂಲೆಯಲ್ಲಿ ಕಾಲಿಡಲು ಒಂದು ಮೆಟ್ಟಿಲು ಬಿಟ್ಟುಕೊಳ್ಳುತ್ತಿದ್ದಳು. ಎಲ್ಲಾ ಆದ ಮೇಲೆ ಅದರ ಮೇಲೆ ಕಾಲಿಟ್ಟು ಮೇಲೆ ಬಂದು, ಬಗ್ಗಿ ಅದನ್ನು ಕಡಿದು ಹಾಕುತ್ತಿದ್ದಳು. ನಲವತ್ತು ವರ್ಷ ಅದೇ ಅಂಗಳದಲ್ಲಿ ಊರು ನಿಂತಿತ್ತು. ಕುಣಿಯೊಳಗಿಂದ ಅವಳು ಹೇಗೆ ಮೇಲೆ ಬರುತ್ತಾಳೆಂದು ಒಬ್ಬನೂ ನೋಡಿರಲಿಲ್ಲ.

“ತಿಪ್ಪೇಶಾ!” ಎಂದು ಕೂಗಿದ ಚಂದ್ರಣ್ಣ.

ತಿಪ್ಪೇಶ ಬೋರ್ಡಿನ ಆಚೆ ನಿಂತಿದ್ದ. ಒಂದು ಕಾಲು ಎತ್ತಿದ. ಮಾಳಿಗೆಗಳ ಮೇಲೆ ನೂರು ಫೋನು ಅವನ ಕಾಲನ್ನೇ ನೋಡುತ್ತಿದ್ದವು. ಕಾಲು ಇಳಿಸಿದ. ಮಸೀದಿಯ ಕಡೆ ದಸ್ತಗೀರಿ ಬಾಯಲ್ಲಿ ತೌಬಾ ಎನ್ನುತ್ತಾ ನಿಂತಿದ್ದ. ಚರ್ಚಿನ ಕಡೆ ಪಾಸ್ಟರು ಕಣ್ಣು ಮುಚ್ಚಿದ್ದ. ಮೂರು ಶುದ್ಧಿಗಳ ನಡುವೆ ಚಂದ್ರಣ್ಣನ ತಲೆ ಮಾತ್ರ ನೆಲದ ಮೇಲೆ, ಬಿತ್ತಿದ ಕುಂಬಳಕಾಯಿಯ ಹಾಗೆ.

ಉರುಕುಂದಮ್ಮ ಎದ್ದಳು. ಕುಣಿಯ ಅಂಚಿಗೆ ಬಂದಳು. ಚಂದ್ರಣ್ಣ ಕೆಳಗೆ. ಅವಳು ಮೇಲೆ. ನಾಲ್ಕೂವರೆ ಅಡಿಯವಳು ಆರಡಿಯವನ ನೆತ್ತಿ ನೋಡಿದಳು. ಅಲ್ಲಿ ಒಂದು ಬೋಳು ಇತ್ತು. ಊರಿನ ಯಾವ ಹೆಂಗಸಿಗೂ ಗೊತ್ತಿರದ ಗುಟ್ಟು.

“ಹಗ್ಗ ತಾ,” ಎಂದ.

“ಹಗ್ಗ ಇಲ್ಲ. ಕೈ ಐತಿ.”

ಕೈ ಚಾಚಿದಳು. ಟೈರಿನಂಥ ಕೈ. ಚಂದ್ರಣ್ಣ ಆ ಕೈಯನ್ನು ನೋಡಿದ. ಅದು ತನ್ನ ಹೊಲ ಬಿತ್ತಿದ ಕೈ, ತನ್ನ ದನ ಸತ್ತಾಗ ಎಳೆದ ಕೈ, ತನ್ನ ಅಪ್ಪನ ಸಮಾಧಿ ಅಗೆದ ಕೈ. ಒಮ್ಮೆಯೂ ಮುಟ್ಟಿರದ ಕೈ. ಹೊತ್ತು ಸಾವಡಿಯ ಹಿಂದಕ್ಕೆ ಜಾರುತ್ತಿತ್ತು. ಅತ್ತ ಗುರುಲಿಂಗಮ್ಮ ಕೂಸನ್ನು ಎತ್ತಿಕೊಂಡು, ಬೋರ್ಡು ದಾಟಿ, ಅಂಗಳಕ್ಕೆ ಬಂದೇಬಿಟ್ಟಳು.

“ಹಿಡೀರಿ ಆ ಕೈ! ಸಂಜಿತನ ವಿಚಾರ ಮಾಡತೀರೇನು?”

ಹಿಡಿದ. ಬೊಬ್ಬೆ ಒಡೆದ ಎರಡೂ ಕೈಯಲ್ಲಿ ಹಿಡಿದ.

ಅವನ ಭಾರಕ್ಕೆ ಉರುಕುಂದಮ್ಮನೇ ಕುಣಿಯತ್ತ ಜಾರಿದಳು. ಬಜಾರಪ್ಪ ಹಲಗೆ ಬಿಸಾಕಿ ಅವಳ ಸೊಂಟ ಹಿಡಿದ. ಭವಾನಿ ಅಪ್ಪನ ಸೊಂಟ ಹಿಡಿದಳು. ಪಾಸ್ಟರು ಕಣ್ಣು ತೆರೆದು “ಭವಾನೀ!” ಎಂದ. “ಕುಣಿಯಾಗ ಬಿದ್ದೋರನ್ನ ಎತ್ತಬ್ಯಾಡ ಅಂತ ಯಾವ ಪುಸ್ತಕದಾಗ ಐತಿ ಪಾಸ್ಟರ್‌ಗಾರೂ? ತೋರಸ್ರಿ,” ಎಂದು ಭವಾನಿ ಕೂಗಿದಳು. ಪಾಸ್ಟರೂ ಬಂದು ಹಿಡಿದ. ವೆಂಕಮ್ಮ ಮಗನನ್ನು ಹಿಡಿದಳು. ಮಸ್ತಾನ್‌ಸಾಬ ವೆಂಕಮ್ಮನ ಸೆರಗಿನ ತುದಿ ಹಿಡಿದ. ಅಪ್ಪ ಬಿದ್ದಾನೆಂದು ದಸ್ತಗೀರಿ ಅಪ್ಪನನ್ನು ಹಿಡಿದ. ಸೊಂಟ ಹಿಡಿದಿದ್ದ ನರಸಣ್ಣನ ಸೊಂಟ ಬಿಟ್ಟಿತು. ಕೇರಿಗೆ ಕೇರಿಯೇ ಸಾಲುಗಟ್ಟಿತು. ಸಾಲಿನ ಕೊನೆಯವನು ಗೋನೆಗಂಡ್ಲದಲ್ಲಿ ನಿಂತಿದ್ದನೆಂದು ಹೇಳುವವರಿದ್ದಾರೆ.

ಎಳೆದರು. ಎರೆಮಣ್ಣು ಚಂದ್ರಣ್ಣನನ್ನು ‘ಪಳಕ್’ ಎಂದು ಉಗುಳಿತು. ಸಾಲು ಹಿಂದಕ್ಕೆ ಬಿತ್ತು. ಯಾರ ಮೇಲೆ ಯಾರು ಬಿದ್ದರೋ, ಯಾರು ಯಾರನ್ನು ಮುಟ್ಟಿದರೋ! ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಚಂದ್ರಣ್ಣನ ಹೊಟ್ಟೆಯೂ ಕುಣಿಯತೊಡಗಿತು.

ಉರುಕುಂದಮ್ಮ ನಗುತ್ತ ಕೂರಲಿಲ್ಲ. ಸೆರಗು ಕೊಡವಿದಳು. ಬೀಗ ತೆಗೆದಳು. ಹೊಸ್ತಿಲು ದಾಟಿದಳು.

ಒಳಗೆ ಲೋಬಾನದ ವಾಸನೆ. ಮೂಲೆಯಲ್ಲಿ ಪೀರು. ಎರಡು ಮಣ ಭಾರವೆಂದು ಚಂದ್ರಣ್ಣ ಪ್ರತಿ ವರ್ಷ ಏದುಸಿರು ಬಿಡುತ್ತಿದ್ದ. ಅವಳು ಕಾಲು ಅಗಲಿಸಿ, ಉಸಿರು ಕಟ್ಟಿ, ಎತ್ತಿದಳು.

ಪೀರು ಗರಿಯ ಹಾಗೆ ಮೇಲೆ ಬಂತು. ಮಾಡಿಗೆ ತಾಗಿತು.

ಇಷ್ಟೇನಾ? ಒಂದು ಬುಟ್ಟಿ ಮಣ್ಣಿನ ಅರ್ಧವೂ ಇಲ್ಲ. ಇದಕ್ಕಾ ಇವರು ಹೂವಿನ ಹಾರ ಹಾಕಿಸಿಕೊಂಡದ್ದು? ಉರುಕುಂದಮ್ಮ ಕತ್ತಲಲ್ಲಿ ಒಬ್ಬಳೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನೀರು ನಿಲ್ಲಲಿಲ್ಲ, ನಗು ನಿಂತಿತು. ಸೆರಗಿನಿಂದ ಒರೆಸಿಕೊಂಡು ಹೊರಗೆ ಬಂದಳು.

ಬಜಾರಪ್ಪನ ಹಲಗೆ ಸಿಡಿಯಿತು. ಉರುಕುಂದಮ್ಮ ಕುಣಿಯ ಸುತ್ತ ಒಂದು ಸುತ್ತು ಬಂದಳು. ಎರಡು. ಮೂರು. ನೇರ ಜಾಲಿ ಮರದ ಕೆಳಗೆ ಹೋಗಿ ನಿಂತಳು.

“ಬಿಚ್ಚರಿ,” ಎಂದಳು ಕೇರಿಯ ಹೆಂಗಸರಿಗೆ.

ಬಿಚ್ಚಿದರು. ಅವಳ ಇಪ್ಪತ್ತೆರಡು ದಟ್ಟಿ. ಬಿಸಿಲಿಗೆ ಬಣ್ಣ ಹೋಗಿ ಬೂದಿಯಾದವು, ಗಾಳಿಗೆ ನೂಲಾದವು, ಅವರವ್ವಂದು, ಅವರಜ್ಜಿದು, ಯಾರದೆಂದು ಯಾರಿಗೂ ನೆನಪಿಲ್ಲದವು. ಒಂದೊಂದನ್ನೂ ಪೀರಿಗೆ ಕಟ್ಟಿದರು. ಗಳ ತುಂಬಿತು. ಬೆಳ್ಳಿ ಅಂಗೈಯ ಬುಡ ತುಂಬಿತು. ಬೆರಳುಗಳ ಸಂದಿ ತುಂಬಿತು. ಈಗ ಪೀರಿಗೆ ನಿಜವಾಗಿ ಭಾರ ಬಂತು. ಜಾಲಿ ಮರ ನೂರು ವರ್ಷದ ಮೇಲೆ ಬರಿಮೈಯಲ್ಲಿ ನಿಂತಿತು.

ಚಂದ್ರಣ್ಣ ರೇಷ್ಮೆ ದಟ್ಟಿ ಹಿಡಿದು ಮುಂದೆ ಬಂದ. ಮೈತುಂಬ ಮಣ್ಣು. ಪಕ್ಕದಲ್ಲಿ ಗುರುಲಿಂಗಮ್ಮ, ಅವಳ ತೋಳಲ್ಲಿ ಕೂಸು. ಗಳವನ್ನು ಮೇಲಿಂದ ಕೆಳಕ್ಕೆ ನೋಡಿದ. ಕಟ್ಟಲು ಒಂದು ಬೆರಳು ಜಾಗವಿರಲಿಲ್ಲ.

ಉರುಕುಂದಮ್ಮ ಪೀರು ಹಿಡಿದುಕೊಂಡೇ ಹಿಂದಕ್ಕೆ ಸರಿದಳು. ಒಂದು ಹೆಜ್ಜೆ. ಎರಡು. ಮೂರು.

“ಜಾಲಿಗೆ ಕಟ್ರಿ ಚಂದ್ರಣ್ಣಾರೆ,” ಎಂದಳು. “ಜಾಲಿಗೂ ಶಕ್ತಿ ಐತಿ. ದೇವರಿಗೆ ಅಲ್ಲಿಂದಾನೂ ಕೇಳಸ್ತೈತಿ.”

ಹಲಗೆ ನಿಂತಿತು. ಚಂದ್ರಣ್ಣನ ಬಾಯಲ್ಲಿದ್ದ ಒಂದೇ ಮಾತನ್ನು ಅವಳು ತೆಗೆದುಕೊಂಡು ಆಗಿತ್ತು. ಗುರುಲಿಂಗಮ್ಮ ಅವನ ಮೊಳಕೈ ಹಿಡಿದು ಜಾಲಿಯ ಕಡೆಗೆ ತಿರುಗಿಸಿದಳು.

ಅವನು ಕೊಂಬೆಗೆ ಕೈ ಹಾಕಿದ. ತಕ್ಷಣ ಹಿಂದಕ್ಕೆ ತೆಗೆದು ಬೆರಳನ್ನು ಬಾಯಲ್ಲಿ ಇಟ್ಟುಕೊಂಡ.

“ಎಡಕಿನ ಕೊಂಬಿ ನೋಡ್ರಿ,” ಎಂದಳು ಉರುಕುಂದಮ್ಮ. “ಅದಕ್ಕ ಮುಳ್ಳು ಕಡಿಮಿ.”